ಬರೋಣವೋ, ಸಾನ್ನಿಧ್ಯವೋ? ಓದುಗರ ಪ್ರಶ್ನೆಗಳಿಗೆ ಉತ್ತರ

ಮೆಸ್ಸೀಯನ ಬರುವಿಕೆಯ ಬಗ್ಗೆ ಬಂದ ಪತ್ರಗಳನ್ನು ಈ ಸಂಚಿಕೆಗೆಂದು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಒಂದು ಪ್ರಶ್ನೆಯ ಉತ್ತರ ಇನ್ನೊಂದಕ್ಕೂ ಬೇಕಾಗುವುದರಿಂದ ಅವನ್ನು ಬೇರೆ ಬೇರೆ ಸಂಚಿಕೆಗಳಿಗೆ ಹಂಚುವುದು ಸರಿಯೆನಿಸಲಿಲ್ಲ.

ಪ್ರಶ್ನೆ: ನಾನೂ ನನ್ನ ಅಣ್ಣನೂ ವಾರಕ್ಕೊಮ್ಮೆ ಕೂತು ಮತ್ತಾಯನ ಸುವಾರ್ತೆಯನ್ನು ಓದುತ್ತಿದ್ದೆವು. 24ನೇ ಅಧ್ಯಾಯಕ್ಕೆ ಬಂದಾಗ ಓದು ನಿಂತುಹೋಯಿತು. ಕ್ರಿಸ್ತನು ಎಲ್ಲರ ಕಣ್ಣಿಗೆ ಕಾಣುವಂತೆ ಮೇಘಗಳೊಂದಿಗೆ ಬರುತ್ತಾನೆ ಎಂಬುದು ನನ್ನ ನಂಬಿಕೆ. ಅಣ್ಣ ಈಗ ಯೆಹೋವನ ಸಾಕ್ಷಿಗಳ ಜೊತೆ ಅಧ್ಯಯನ ಮಾಡುತ್ತಿದ್ದಾನೆ. ಮೂಲ ಗ್ರೀಕ್ ಪದಕ್ಕೆ 'ಬರೋಣ' ಎಂಬ ಅರ್ಥವೇ ಇಲ್ಲ, 'ಸಾನ್ನಿಧ್ಯ' ಎಂಬುದೇ ಅರ್ಥ, ಕ್ರಿಸ್ತನು 1914ರಿಂದಲೇ ಅದೃಶ್ಯನಾಗಿ ಆಳುತ್ತಿದ್ದಾನೆ ಎನ್ನುತ್ತಾನೆ. ಆ ಪದದ ಅರ್ಥವೇನು?

ಉತ್ತರ: ಆ ಪದ 'ಪರೂಸಿಯ'. ಬಿಡಿಸಿ ನೋಡಿದರೆ 'ಬಳಿಯಲ್ಲಿ ಇರುವುದು' ಎಂದಾಗುತ್ತದೆ. ಹೊಸ ಒಡಂಬಡಿಕೆಯಲ್ಲಿ ಇದು 24 ಬಾರಿ ಬಂದಿದೆ. ನಿಮ್ಮ ಓದು ನಿಂತ ಅಧ್ಯಾಯದಲ್ಲೇ 3, 27, 37, 39ನೇ ವಚನಗಳಲ್ಲಿ, ಒಟ್ಟು ನಾಲ್ಕು ಸಲ ಇದೆ. ನಿಮ್ಮ ಅಣ್ಣನ ಮಾತಿನಲ್ಲಿ ಹುರುಳಿದೆ ಎಂಬುದನ್ನು ಮೊದಲು ಒಪ್ಪಬೇಕು. ಪೌಲನು ಫಿಲಿಪ್ಪಿಯವರಿಗೆ ಬರೆಯುತ್ತಾ (2:12), ನಾನು ನಿಮ್ಮ ಬಳಿ ಇದ್ದಾಗ ಮಾತ್ರವಲ್ಲ, ಇಲ್ಲದಿರುವ ಈ ಹೊತ್ತಿನಲ್ಲಿ ಇನ್ನೂ ಹೆಚ್ಚಾಗಿ ವಿಧೇಯರಾಗಿರಿ ಎಂದು ಹೇಳುವಾಗ, 'ಇರುವಿಕೆ'ಗೆ ಪರೂಸಿಯ ಎಂದೂ 'ಇಲ್ಲದಿರುವಿಕೆ'ಗೆ ಅಪೂಸಿಯ ಎಂದೂ ಎದುರುಬದುರಾಗಿ ಇಡುತ್ತಾನೆ. ಕೊರಿಂಥದಲ್ಲಿ ಅವನನ್ನು ಹಳಿಯುತ್ತಿದ್ದವರು, ಇವನ ಪತ್ರಗಳೇನೋ ತೂಕದವು, ಎದುರಿಗೆ ನಿಂತರೆ ಮಾತ್ರ ಏನೂ ಇಲ್ಲ ಎಂದು ಆಡಿಕೊಂಡಾಗಲೂ (2 ಕೊರಿಂಥ 10:10) ಇದೇ ಪದವಿದೆ. ಈ ಎರಡು ಕಡೆ 'ಬರುವುದು' ಎಂದು ಅನುವಾದಿಸಲು ಸಾಧ್ಯವೇ ಇಲ್ಲ.

ಆದರೆ ಅದೇ ಪೌಲ, ಅದೇ ಕೊರಿಂಥದವರಿಗೆ, ಮೆಕೆದೋನ್ಯದಲ್ಲಿ ತಾನು ಪಟ್ಟ ಪಾಡನ್ನು ಹೇಳುತ್ತಾನೆ. ಹೊರಗೆ ಜಗಳ, ಒಳಗೆ ಭಯ, ಮೈಗೆ ವಿಶ್ರಾಂತಿಯಿಲ್ಲ. ಆಗ ದೇವರು ತೀತನ ಪರೂಸಿಯದಿಂದ ನಮ್ಮನ್ನು ಸಂತೈಸಿದನು (2 ಕೊರಿಂಥ 7:5-6). ಕಾಯುತ್ತಿದ್ದವರ ಬಳಿಗೆ ತೀತನು ಬಂದು ಮುಟ್ಟಿದ ಕ್ಷಣವೇ ಇಲ್ಲಿನ ಸಂಗತಿ. ಈಜಿಪ್ಟಿನಲ್ಲಿ ಸಿಕ್ಕ ಪಪೈರಸ್ ಹಾಳೆಗಳಲ್ಲಿ ಅರಸನ ಪರೂಸಿಯಕ್ಕೆಂದು, ಅಂದರೆ ಅರಸನ ಸವಾರಿ ಚಿತ್ತೈಸುವ ಸಂದರ್ಭಕ್ಕೆಂದು, ಜನರಿಂದ ವಂತಿಗೆ ಎತ್ತಿದ ಲೆಕ್ಕಗಳಿವೆ. ಗ್ರೀಸಿನ ತೆಗೆಯ ಎಂಬ ಊರಿನ ಶಾಸನವೊಂದು, ಚಕ್ರವರ್ತಿ ಹೇಡ್ರಿಯನ್ ಗ್ರೀಸಿಗೆ ಮೊದಲು ಬಂದ ಪರೂಸಿಯದಿಂದ 69ನೇ ವರ್ಷ ಎಂದು ಕಾಲವನ್ನು ಎಣಿಸಿದೆ. ಅರಸನು ಬಂದದ್ದು ಒಂದು ದಿನ. ಅಲ್ಲಿಂದ ಆರಂಭವಾದದ್ದು ಒಂದು ಶಕೆ.

ಕನ್ನಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 'ನೆಂಟರು ಬಂದಿದ್ದಾರೆ' ಎನ್ನುತ್ತೇವೆ. 'ಬಂದು' ಮತ್ತು 'ಇದ್ದಾರೆ' ಎರಡೂ ಆ ಒಂದೇ ಮಾತಿನಲ್ಲಿ ಕೂಡಿಕೊಂಡಿವೆ. ಬರದೆ ಇರಲಾರರು, ಬಂದ ಮೇಲೆ ಇದ್ದೇ ಇರುತ್ತಾರೆ. ಪರೂಸಿಯವೂ ಇಂಥ ಪದವೇ. ಬರೋಣವೆಂದು ಅನುವಾದಿಸಿದವರು 'ಇರುವಿಕೆ'ಯನ್ನು ಸ್ವಲ್ಪ ಕಳೆದುಕೊಂಡರು, ಸಾನ್ನಿಧ್ಯವೆಂದು ಅನುವಾದಿಸಿದವರು 'ಬಂದು' ಎಂಬುದನ್ನು ಕಳೆದುಕೊಂಡರು. ಹೀಗಾಗಿ ಪದದ ಅರ್ಥವೊಂದನ್ನೇ ನೆಚ್ಚಿಕೊಂಡು ಒಂದು ಇಡೀ ಬೋಧನೆಯನ್ನು ಕಟ್ಟುವುದೂ ಆಗದು, ಕೆಡವುವುದೂ ಆಗದು. ಸಂದರ್ಭವನ್ನೇ ನೋಡಬೇಕು.

ಸಂದರ್ಭದಲ್ಲಿ ನಿಮ್ಮ ಅಣ್ಣನಿಗೆ ಆಧಾರವಾಗಿರುವುದು 37ರಿಂದ 39ರವರೆಗಿನ ವಚನಗಳು. ಮನುಷ್ಯಕುಮಾರನ ಪರೂಸಿಯವನ್ನು ಅಲ್ಲಿ ನೋಹನ ದಿನಗಳಿಗೆ ಹೋಲಿಸಲಾಗಿದೆ; ದಿನಗಳು ಎಂದಮೇಲೆ ಅದೊಂದು ಅವಧಿ, ಜನ ಉಣ್ಣುತ್ತಾ ಕುಡಿಯುತ್ತಾ ಗಮನಿಸದೆಯೇ ಕಳೆದ ಅವಧಿ ಎನ್ನುವುದು ಸಾಕ್ಷಿಗಳ ವಾದ. ಕಣ್ಣಿಗೆ ಕಾಣುವುದಾದರೆ ಶಿಷ್ಯರು 'ಸೂಚನೆ' ಏನೆಂದು ಕೇಳುವ ಅಗತ್ಯವೇ ಇರಲಿಲ್ಲ ಎಂದೂ ಅವರು ಹೇಳುತ್ತಾರೆ. ಇವು ಹಗುರವಾಗಿ ತಳ್ಳಿಹಾಕುವ ವಾದಗಳಲ್ಲ. ಆದರೂ ಅದೇ ಅಧ್ಯಾಯದ 26 ಮತ್ತು 27ನೇ ವಚನಗಳನ್ನು ಇಬ್ಬರೂ ಒಟ್ಟಿಗೆ, ನಿಧಾನವಾಗಿ ಓದಿ. 'ಅಗೋ, ಒಳಮನೆಗಳಲ್ಲಿದ್ದಾನೆ' ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಏಕೆಂದರೆ ಮೂಡಲಲ್ಲಿ ಹೊಳೆದು ಪಡುವಲವರೆಗೆ ಕಾಣಿಸುವ ಮಿಂಚಿನಂತೆ ಮನುಷ್ಯಕುಮಾರನ ಪರೂಸಿಯ ಇರುವುದು ಎಂದು ಅಲ್ಲಿದೆ. ಗುಟ್ಟಾದ ಬರುವಿಕೆಯ ಮಾತನ್ನು ನಂಬಬೇಡಿ ಎಂದು ಎಚ್ಚರಿಸುವ ವಾಕ್ಯದಲ್ಲೇ ಆ ಪದ ಕುಳಿತಿರುವಾಗ, ಅದಕ್ಕೆ ಕಣ್ಣಿಗೆ ಕಾಣದ ಸಾನ್ನಿಧ್ಯವೆಂದು ಅರ್ಥ ಹೇಳುವುದು ನನಗೆ ಒಗ್ಗುವುದಿಲ್ಲ. 2 ಥೆಸಲೋನಿಕ 2:8ರಲ್ಲಿ 'ಪರೂಸಿಯದ ಎಪಿಫಾನೆಯ' ಎಂದಿದೆ, ಎಂದರೆ ಅವನ ಬರುವಿಕೆಯ ಪ್ರಕಾಶ, ಕಾಣಿಸಿಕೊಳ್ಳುವಿಕೆ. ಅಪೊಸ್ತಲರ ಕೃತ್ಯಗಳ 1:11 ಸಹ, ಹೋದದ್ದನ್ನು ನೀವು ಕಂಡ ರೀತಿಯಲ್ಲಿಯೇ ಬರುವನು ಎನ್ನುತ್ತದೆ.

ಇಷ್ಟು ಹೇಳಿದ ಮೇಲೂ, ಈಗಲೇ ಸಾನ್ನಿಧ್ಯವಿದೆ ಎಂಬ ಅಣ್ಣನ ಮಾತಿಗೆ ಸುವಾರ್ತೆಯಲ್ಲಿ ಬೇರೆ ನೆಲೆಯಿದೆ ಎಂಬುದನ್ನು ಮರೆಯಬೇಡಿ. ಇಬ್ಬರು ಮೂವರು ನನ್ನ ಹೆಸರಿನಲ್ಲಿ ಕೂಡಿದಲ್ಲಿ ಅವರ ನಡುವೆ ಇದ್ದೇನೆ (ಮತ್ತಾಯ 18:20), ಯುಗದ ಸಮಾಪ್ತಿಯವರೆಗೂ ಎಲ್ಲಾ ದಿವಸ ನಿಮ್ಮ ಸಂಗಡ ಇರುತ್ತೇನೆ (28:20) ಎಂಬ ಮಾತುಗಳು ಬರೋಣವನ್ನು ಕಾಯುವ ಸಭೆಗಳಿಗೂ ಸೇರಿದವು. ಅವರು ಆ ಇರುವಿಕೆಯನ್ನು ಪರೂಸಿಯ ಎಂದು ಕರೆಯುವುದಿಲ್ಲ, ಅಷ್ಟೆ. ಮತ್ತಾಯನು ಕೂಡ ಆ ಎರಡು ಕಡೆ ಪರೂಸಿಯ ಎಂಬ ಪದವನ್ನು ಬಳಸಿಲ್ಲ. ನಿಮ್ಮ ವಾರದ ಓದನ್ನು ದಯವಿಟ್ಟು ಮತ್ತೆ ಆರಂಭಿಸಿ. 25ನೇ ಅಧ್ಯಾಯ ಇನ್ನೂ ಉಳಿದಿದೆ.

ಪ್ರಶ್ನೆ: ದಾನಿಯೇಲನ ಗ್ರಂಥದಲ್ಲಿ ಎಲ್ಲಿಯೂ 1844 ಅಥವಾ 1914 ಎಂದು ಬರೆದಿಲ್ಲ. ಈ ವರ್ಷಗಳು ಹೇಗೆ ಬಂದವು?

ಉತ್ತರ: ಒಂದು ದಿನಕ್ಕೆ ಒಂದು ವರ್ಷ ಎಂಬ ಸೂತ್ರದಿಂದ ಬಂದವು. ಅರಣ್ಯಕಾಂಡ 14:34 ಮತ್ತು ಯೆಹೆಜ್ಕೇಲ 4:6ರಲ್ಲಿ ಒಂದೊಂದು ದಿನವನ್ನು ಒಂದೊಂದು ವರ್ಷಕ್ಕೆ ಸರಿಯಾಗಿ ನಿಲ್ಲಿಸಲಾಗಿದೆ. ಅದೇ ಅಳತೆಯನ್ನು ಪ್ರವಾದನೆಯ ಎಲ್ಲ ಲೆಕ್ಕಗಳಿಗೂ ಹಿಡಿದವರು ಹಲವರು.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ರೈತ, ಬ್ಯಾಪ್ಟಿಸ್ಟ್ ಬೋಧಕ ವಿಲಿಯಂ ಮಿಲ್ಲರ್ ದಾನಿಯೇಲ 8:14ರ 2300 ಉದಯಾಸ್ತಮಾನಗಳನ್ನು 2300 ವರ್ಷಗಳೆಂದು ತೆಗೆದುಕೊಂಡರು. ಯೆರೂಸಲೇಮನ್ನು ಕುರಿತು ಪರ್ಷಿಯದ ಅರಸ ಅರ್ತಷಸ್ತನು ಹೊರಡಿಸಿದ ಆಜ್ಞೆಗೆ ಕ್ರಿ.ಪೂ. 457 ಎಂಬ ವರ್ಷವನ್ನು ಇಟ್ಟು, ಅಲ್ಲಿಂದ ಎಣಿಸಿದರೆ 1843 ಬರುತ್ತದೆ. ಕ್ರಿ.ಪೂ. 1ರ ಮರುವರ್ಷವೇ ಕ್ರಿ.ಶ. 1, ನಡುವೆ ಸೊನ್ನೆ ವರ್ಷವಿಲ್ಲ ಎಂಬುದನ್ನು ಗಮನಿಸಿದರೆ 1844. ಆಮೇಲೆ ಅವರ ಸಂಗಡಿಗರು ಯೆಹೂದ್ಯರ ದೋಷಪರಿಹಾರಕ ದಿನದ ಆಧಾರದಲ್ಲಿ 1844ರ ಅಕ್ಟೋಬರ್ 22 ಎಂದು ದಿನವನ್ನೇ ಗೊತ್ತುಮಾಡಿದರು. ಬೆಳೆಯನ್ನು ಕೊಯ್ಯದೆ ಹೊಲದಲ್ಲೇ ಬಿಟ್ಟವರಿದ್ದರು. ಆ ರಾತ್ರಿ ಕಳೆದು ಬೆಳಗಾಯಿತು. ಹೈರಮ್ ಎಡ್ಸನ್ ಎಂಬವರು, ಬೆಳಗಾಗುವ ತನಕ ನಾವು ಅತ್ತೆವು, ಅತ್ತೆವು ಎಂಬ ಅರ್ಥದಲ್ಲಿ ಬರೆದಿಟ್ಟಿದ್ದಾರೆ. ಆ ಸಾಲನ್ನು ಓದುವಾಗ ಅವರ ಲೆಕ್ಕದ ತಪ್ಪಿಗಿಂತ ಅವರ ಅಳುವೇ ನನ್ನ ಮನಸ್ಸಿಗೆ ತಟ್ಟುತ್ತದೆ; ತಾವು ಪ್ರೀತಿಸಿದವನನ್ನು ನೋಡಲೆಂದು ಕಾದವರ ಅಳು ಅದು. ಚರಿತ್ರೆಯಲ್ಲಿ ಅದಕ್ಕೆ 'ಮಹಾ ನಿರಾಶೆ' ಎಂಬ ಹೆಸರು ನಿಂತಿದೆ. ದಿನ ಸರಿ, ನಾವು ನಿರೀಕ್ಷಿಸಿದ ಘಟನೆ ಮಾತ್ರ ತಪ್ಪು, ಆ ದಿನ ಕ್ರಿಸ್ತನು ಭೂಮಿಗೆ ಬರಲಿಲ್ಲ, ಪರಲೋಕದ ದೇವಾಲಯದ ಮಹಾಪವಿತ್ರ ಸ್ಥಾನಕ್ಕೆ ಪ್ರವೇಶಿಸಿದನು ಎಂದು ಕಂಡುಕೊಂಡ ಒಂದು ಗುಂಪು ಮುಂದೆ 1863ರಲ್ಲಿ ಸೆವೆಂತ್‌ ಡೇ ಅಡ್ವೆಂಟಿಸ್ಟ್ ಸಭೆಯಾಗಿ ಸಂಘಟಿತವಾಯಿತು. ಬರೋಣವು ಕಣ್ಣಿಗೆ ಕಾಣುವಂಥದ್ದೇ ಎಂದು ಅವರು ಇಂದಿಗೂ ಬೋಧಿಸುತ್ತಾರೆ, ಅದಕ್ಕೆ ದಿನ ಗೊತ್ತುಮಾಡುವುದಿಲ್ಲ.

1914ರ ದಾರಿ ಬೇರೆ. ನೆಲ್ಸನ್ ಬಾರ್ಬರ್ ಎಂಬ ಬೋಧಕ ಮತ್ತವರ ಸಂಗಡಿಗರು 1874ರಲ್ಲಿ ಕ್ರಿಸ್ತನನ್ನು ಎದುರುನೋಡಿದರು. ಏನೂ ಕಾಣಿಸಲಿಲ್ಲ. ಆಗ ಅವರಲ್ಲೊಬ್ಬರು, 1864ರಲ್ಲಿ ಪ್ರಕಟವಾಗಿದ್ದ ಬೆಂಜಮಿನ್ ವಿಲ್ಸನ್ ಅವರ ಹೊಸ ಒಡಂಬಡಿಕೆಯ ಅನುವಾದದಲ್ಲಿ ಪರೂಸಿಯಕ್ಕೆ 'ಸಾನ್ನಿಧ್ಯ' ಎಂಬ ಅರ್ಥ ಕೊಟ್ಟಿರುವುದನ್ನು ಗಮನಿಸಿದರು. ಹಾಗಾದರೆ ಕ್ರಿಸ್ತನು 1874ರಲ್ಲಿ ಬಂದೇ ಇದ್ದಾನೆ, ನಮಗೆ ಕಾಣಿಸಲಿಲ್ಲ ಅಷ್ಟೆ ಎಂಬ ತೀರ್ಮಾನಕ್ಕೆ ಬಂದರು. ಇಂದಿನ ಯೆಹೋವನ ಸಾಕ್ಷಿಗಳ ಮೂಲವಾದ ಬೈಬಲ್ ಅಧ್ಯಯನದ ಗುಂಪನ್ನು ಕಟ್ಟಿದ ಚಾರ್ಲ್ಸ್ ಟೇಜ್ ರಸೆಲ್ ಅದನ್ನು ಒಪ್ಪಿ, 1879ರ ಜುಲೈಯಲ್ಲಿ ಆರಂಭಿಸಿದ ತಮ್ಮ ಪತ್ರಿಕೆಯ ಹೆಸರಿನಲ್ಲೇ 'ಕ್ರಿಸ್ತನ ಸಾನ್ನಿಧ್ಯದ ಘೋಷಕ' ಎಂಬ ಮಾತನ್ನು ಸೇರಿಸಿದರು. ಆ ಕಾಲದ ಬೋಧನೆಯಲ್ಲಿ ಸಾನ್ನಿಧ್ಯ ಆರಂಭವಾದದ್ದು 1874ರಲ್ಲಿ; 1914 ಎಂಬುದು ಅನ್ಯಜನರ ಕಾಲ, ಅಂದರೆ ಯೆರೂಸಲೇಮು ಅನ್ಯಜನರ ಕಾಲ್ತುಳಿತಕ್ಕೆ ಒಳಗಾಗಿರುವ ಕಾಲ (ಲೂಕ 21:24), ಮುಗಿಯುವ ವರ್ಷ. ಸಾನ್ನಿಧ್ಯದ ಆರಂಭವನ್ನು 1914ಕ್ಕೆ ಸ್ಥಳಾಂತರಿಸಿದ್ದು ರಸೆಲ್ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ. ನಿಮ್ಮಂತೆ ಮೂಲವನ್ನು ಕೇಳುವವರಿಗೆ ಈ ಒಂದು ಸಂಗತಿ ತಿಳಿದಿರಬೇಕು ಎಂದು ನನಗನಿಸುತ್ತದೆ: ಪದದ ಹೊಸ ಅರ್ಥ ಕಾಣಿಸಿದ್ದು ಎದುರುನೋಡಿದ ವರ್ಷ ಬರಿದಾದ ಮೇಲೆ.

ಲೆಕ್ಕ ಹೀಗಿದೆ. ದಾನಿಯೇಲ 4ರಲ್ಲಿ ನೆಬೂಕದ್ನೆಚ್ಚರನು 'ಏಳು ಕಾಲ' ಮೃಗದಂತೆ ಬಾಳುತ್ತಾನೆ. ಪ್ರಕಟನೆ 12ರಲ್ಲಿ ಮೂರೂವರೆ ಕಾಲವೆಂದರೆ 1260 ದಿನ. ಆದ್ದರಿಂದ ಏಳು ಕಾಲವೆಂದರೆ 2520 ದಿನ, ದಿನಕ್ಕೊಂದು ವರ್ಷದಂತೆ 2520 ವರ್ಷ. ಯೆರೂಸಲೇಮು ಬಾಬೆಲಿನವರ ಕೈಗೆ ಬಿದ್ದದ್ದು ಕ್ರಿ.ಪೂ. 607ರಲ್ಲಿ ಎಂದಿಟ್ಟರೆ ಅದು 1914ಕ್ಕೆ ಬಂದು ಮುಟ್ಟುತ್ತದೆ. ಇಲ್ಲಿ ಎರಡು ತೊಡಕುಗಳಿವೆ. ಆ ಅಧ್ಯಾಯ ತಾನೇ ಕನಸಿನ ಅರ್ಥವನ್ನು ಬಿಡಿಸಿ ಹೇಳಿ, ಅದೆಲ್ಲ ಅರಸನಿಗೆ ಸಂಭವಿಸಿತು ಎಂದು ಮುಗಿಸುತ್ತದೆ. ಎರಡನೆಯ ನೆರವೇರಿಕೆಯ ಸುಳಿವನ್ನು ಕೊಡುವುದಿಲ್ಲ. ಇನ್ನೊಂದು, ಇತಿಹಾಸಕಾರರು ಯೆರೂಸಲೇಮಿನ ಪತನವನ್ನು ಕ್ರಿ.ಪೂ. 587 ಅಥವಾ 586ರಲ್ಲಿ ಇಡುತ್ತಾರೆ. ನೆಬೂಕದ್ನೆಚ್ಚರನ ಆಳ್ವಿಕೆಯ 37ನೇ ವರ್ಷದಲ್ಲಿ ಚಂದ್ರ ಮತ್ತು ಗ್ರಹಗಳು ಎಲ್ಲೆಲ್ಲಿ ಕಂಡವು ಎಂದು ಬರೆದಿಟ್ಟ ಒಂದು ಜೇಡಿಮಣ್ಣಿನ ಹಲಗೆ ಉಳಿದುಬಂದಿದೆ; ಆ ಸ್ಥಾನಗಳು ಕ್ರಿ.ಪೂ. 568-567ಕ್ಕೆ ಹೊಂದುತ್ತವೆ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ 607 ಸಿಗುವುದಿಲ್ಲ. ಯೆರೆಮೀಯನು ಹೇಳಿದ 70 ವರ್ಷಗಳನ್ನು ಕ್ರಿ.ಪೂ. 537ರಿಂದ ಹಿಂದಕ್ಕೆ ಎಣಿಸಿದರೆ 607 ಬರುತ್ತದೆ, ಗ್ರಂಥದ ಮಾತೇ ನಮಗೆ ಪ್ರಮಾಣ ಎಂಬುದು ಸಾಕ್ಷಿಗಳ ಉತ್ತರ. ಮಾರ್ಕ 13:32ರಲ್ಲಿ ಆ ದಿನವನ್ನು ಮಗನೂ ಅರಿಯನು ಎಂದಿರುವಾಗ ಲೆಕ್ಕಕ್ಕೆ ಕೂರುವ ಧೈರ್ಯ ನನಗಂತೂ ಬರುವುದಿಲ್ಲ.

ಪ್ರಶ್ನೆ: ಇದೆಲ್ಲ ಸಂಭವಿಸುವ ತನಕ ಈ ಸಂತತಿ ಅಳಿದುಹೋಗುವುದಿಲ್ಲ ಎಂದು ಯೇಸು ಹೇಳಿದ್ದಾನೆ (ಮತ್ತಾಯ 24:34). ಆ ಸಂತತಿ ಅಳಿದು ಎರಡು ಸಾವಿರ ವರ್ಷಗಳಾಗುತ್ತಾ ಬಂದವು. ಇದಕ್ಕೆ ಸಮಾಧಾನವೇನು?

ಉತ್ತರ: ಈ ವಚನವನ್ನು ಎದುರಿಸದೆ ಬರೋಣದ ಬಗ್ಗೆ ಮಾತಾಡುವವರು ಅರ್ಧ ಮಾತಾಡಿದಂತೆ. ಸಂಭಾಷಣೆ ಆರಂಭವಾಗುವುದು ದೇವಾಲಯದ ಕಲ್ಲುಗಳಿಂದ. ಶಿಷ್ಯರು ಕಟ್ಟಡವನ್ನು ತೋರಿಸುತ್ತಾರೆ, ಯೇಸು ಕಲ್ಲಿನ ಮೇಲೆ ಕಲ್ಲು ನಿಲ್ಲದು ಎನ್ನುತ್ತಾನೆ. ಕ್ರಿ.ಶ. 70ರಲ್ಲಿ ರೋಮನ್ ಸೇನಾಪತಿ ತೀತನ (ಮೇಲೆ ಹೇಳಿದ ಪೌಲನ ಸಂಗಡಿಗ ಬೇರೆ) ಸೈನ್ಯ ಯೆರೂಸಲೇಮನ್ನು ಮುತ್ತಿ ದೇವಾಲಯವನ್ನು ಸುಟ್ಟು ಕೆಡವಿತು. ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಆ ಮುತ್ತಿಗೆಯ ಹಸಿವನ್ನೂ ಬೆಂಕಿಯನ್ನೂ ವಿವರವಾಗಿ ದಾಖಲಿಸಿದ್ದಾನೆ. ಯೇಸು ಆ ಮಾತಾಡಿ ಸುಮಾರು ನಲವತ್ತು ವರ್ಷ, ಅಂದರೆ ಒಂದು ಸಂತತಿಯೊಳಗೇ ಅದು ನಡೆಯಿತು. ಹೀಗಾಗಿ 34ನೇ ವಚನ ಅಕ್ಷರಶಃ ನೆರವೇರಿತು, ಮೇಘಗಳ ಮೇಲೆ ಬರುವುದೆಂಬ ಮಾತು ಪ್ರವಾದಿಗಳ ಭಾಷೆಯಲ್ಲಿ ನ್ಯಾಯತೀರ್ಪಿನ ರೂಪಕ ಎನ್ನುವವರಿದ್ದಾರೆ. ಯೆಶಾಯ 19:1ರಲ್ಲಿ ಕರ್ತನು ವೇಗವಾದ ಮೇಘವನ್ನೇರಿ ಐಗುಪ್ತಕ್ಕೆ ಬರುತ್ತಾನೆ ಎಂದಿದೆ, ಅಲ್ಲಿ ಯಾರೂ ಕಣ್ಣಿನಿಂದ ಮೇಘವನ್ನು ನೋಡಲಿಲ್ಲ ಎಂಬುದು ಅವರ ದೃಷ್ಟಾಂತ. ದಾನಿಯೇಲ 7:13ರಲ್ಲಿ ಮನುಷ್ಯಕುಮಾರನಂತಿರುವವನು ಮೇಘಗಳೊಂದಿಗೆ ಬರುವುದು ಭೂಮಿಯ ಕಡೆಗಲ್ಲ, ಮಹಾವೃದ್ಧನ, ಅಂದರೆ ದೇವರ, ಸಿಂಹಾಸನದ ಕಡೆಗೆ ಎಂಬುದನ್ನೂ ಅವರು ಸರಿಯಾಗಿಯೇ ತೋರಿಸುತ್ತಾರೆ.

ಇವರಲ್ಲೇ ಒಂದು ಪಂಗಡ ಇನ್ನೂ ಮುಂದೆ ಹೋಗಿ ಪುನರುತ್ಥಾನವೂ ಸೇರಿ ಎಲ್ಲವೂ ಆ ವರ್ಷದಲ್ಲೇ ಮುಗಿಯಿತು ಎನ್ನುತ್ತದೆ. ಜೀವಿಸುವವರಿಗೂ ಸತ್ತವರಿಗೂ ನ್ಯಾಯತೀರಿಸಲು ಮಹಿಮೆಯಿಂದ ಮತ್ತೆ ಬರುವನು ಎಂದು ಕ್ರಿ.ಶ. 381ರ ಕಾನ್‌ಸ್ಟಾಂಟಿನೋಪಲ್ ಸಭೆಯ ವಿಶ್ವಾಸಪ್ರಮಾಣ ಹೇಳುವುದರಿಂದ ಹೆಚ್ಚಿನ ಸಭೆಗಳು ಅಲ್ಲಿಯವರೆಗೆ ಹೋಗುವುದಿಲ್ಲ. ನನಗೆ ಕಾಣುವಂತೆ ಶಿಷ್ಯರು ಕೇಳಿದ್ದೇ ಎರಡು ಪ್ರಶ್ನೆಗಳನ್ನು ಹೆಣೆದು: ಇದು ಯಾವಾಗ, ಮತ್ತು ನಿನ್ನ ಪರೂಸಿಯದ ಸೂಚನೆಯೇನು. ಉತ್ತರವೂ ಹೆಣೆದುಕೊಂಡೇ ಇದೆ. 34ನೇ ವಚನ 'ಇದೆಲ್ಲ' ಎನ್ನುತ್ತದೆ, 36ನೇ ವಚನ 'ಆ ದಿನ' ಎಂದು ಬೇರೆಯೇ ಒಂದನ್ನು ತೋರಿಸುತ್ತದೆ. ಮೊದಲನೆಯದಕ್ಕೆ ಒಂದು ಸಂತತಿಯ ಗಡುವಿದೆ, ಎರಡನೆಯದಕ್ಕೆ ಗಡುವಿಲ್ಲ. ಎಲ್ಲಿ ಒಂದು ಎಳೆ ಮುಗಿದು ಇನ್ನೊಂದು ಸಾಗುತ್ತದೆ ಎಂದು ಗೆರೆ ಎಳೆಯುವಲ್ಲಿ ಒಬ್ಬೊಬ್ಬ ವ್ಯಾಖ್ಯಾನಕಾರರು ಒಂದೊಂದು ವಚನವನ್ನು ಆರಿಸುತ್ತಾರೆ.

ಪ್ರಶ್ನೆ: ಸಭೆಯವರು ಮೊದಲು ಗುಟ್ಟಾಗಿ ಮೇಲಕ್ಕೆ ಎತ್ತಲ್ಪಡುತ್ತಾರೆ, ಮಹಾಸಂಕಟ ಕಳೆದ ಮೇಲೆ ಕ್ರಿಸ್ತನು ಬಹಿರಂಗವಾಗಿ ಬರುತ್ತಾನೆ ಎಂದು ಕೇಳಿದ್ದೇನೆ. ಹಾಗಾದರೆ ಬರೋಣಗಳು ಎರಡೇ?

ಉತ್ತರ: ಈ ಎರಡು ಹಂತಗಳ ಬೋಧನೆಗೆ ರೂಪ ಕೊಟ್ಟವರು 19ನೇ ಶತಮಾನದ ಬೋಧಕ ಜಾನ್ ನೆಲ್ಸನ್ ಡಾರ್ಬಿ. 1909ರಲ್ಲಿ ಟಿಪ್ಪಣಿಗಳೊಂದಿಗೆ ಬಂದ ಸ್ಕೋಫೀಲ್ಡ್ ಬೈಬಲ್ ಅದನ್ನು ದೂರದವರೆಗೆ ಹಬ್ಬಿಸಿತು. ಆಧಾರ ವಚನ 1 ಥೆಸಲೋನಿಕ 4:17: ಜೀವದಿಂದುಳಿದವರು ಮೇಘಗಳಲ್ಲಿ ಒಯ್ಯಲ್ಪಟ್ಟು ಅಂತರಿಕ್ಷದಲ್ಲಿ ಕರ್ತನನ್ನು ಎದುರುಗೊಳ್ಳುವರು.

'ಎದುರುಗೊಳ್ಳುವುದು' ಎಂಬ ಮಾತಿನ ಮೇಲೆ ಸ್ವಲ್ಪ ನಿಲ್ಲಿ. ಮೂಲದಲ್ಲಿ 'ಅಪಾಂತೇಸಿಸ್'. ಹತ್ತು ಕನ್ಯೆಯರ ಸಾಮ್ಯದಲ್ಲಿ ನಡುರಾತ್ರಿ ಕೂಗು ಕೇಳಿದಾಗ ಮದುಮಗನನ್ನು ಎದುರುಗೊಳ್ಳಲು ಹೊರಡಬೇಕಾದದ್ದಕ್ಕೂ (ಮತ್ತಾಯ 25:6) ಇದೇ ಪದ. ಪೌಲನು ಸೆರೆಯಾಳಾಗಿ ರೋಮಿಗೆ ಬರುತ್ತಿದ್ದಾಗ ಅಲ್ಲಿನ ಸಹೋದರರು ಸುದ್ದಿ ಕೇಳಿ ಅಪ್ಪಿಯ ಪೇಟೆಯವರೆಗೂ, ಅಂದರೆ 60 ಕಿ.ಮೀ.ಗೂ ಹೆಚ್ಚು ದೂರ, ಎದುರು ಬಂದದ್ದಕ್ಕೂ (ಅಪೊಸ್ತಲರ ಕೃತ್ಯಗಳು 28:15) ಇದೇ ಪದ. ಅವರು ಪೌಲನನ್ನು ನೋಡಿ ಅಲ್ಲಿಂದ ಬೇರೆಲ್ಲಿಗೋ ಹೋಗಲಿಲ್ಲ. ಅವನನ್ನು ಕರೆದುಕೊಂಡು ತಮ್ಮ ಊರಿಗೇ ಬಂದರು. ದೊಡ್ಡವರು ಬರುವಾಗ ಊರ ಹೊರಗೆ ಹೋಗಿ ಎದುರುಗೊಂಡು ಒಳಕ್ಕೆ ಕರೆತರುವುದೇ ಅದರ ಚಿತ್ರ. ಹಾಗೆ ನೋಡಿದರೆ ಥೆಸಲೋನಿಕದ ವಚನದಲ್ಲಿರುವುದು ಭೂಮಿಯಿಂದ ತಪ್ಪಿಸಿಕೊಳ್ಳುವಿಕೆಯಲ್ಲ, ಬರುತ್ತಿರುವ ಅರಸನಿಗೆ ಸ್ವಾಗತ. ಪ್ರಧಾನದೂತನ ಶಬ್ದ, ದೇವರ ತುತೂರಿಯ ಧ್ವನಿ ಇರುವ ಸಂದರ್ಭವನ್ನು ಗುಟ್ಟು ಎನ್ನುವುದೂ ಕಷ್ಟ. ಡಾರ್ಬಿಯ ದಾರಿಯವರು ಯೋಹಾನ 14:3ನ್ನು ಮುಂದಿಡುತ್ತಾರೆ: ನಾನಿರುವಲ್ಲಿಗೆ ನಿಮ್ಮನ್ನು ಕರೆದುಕೊಂಡು ಹೋಗುವೆನು ಎಂದಿರುವಾಗ ದಿಕ್ಕು ಮೇಲಕ್ಕಲ್ಲವೇ ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಪೌಲನು ಆ ಸಾಲುಗಳನ್ನು ಬರೆದದ್ದು ಕ್ರಮಪಟ್ಟಿ ಕೊಡಲಿಕ್ಕಲ್ಲ. ತಮ್ಮವರು ಬರೋಣಕ್ಕೆ ಮುಂಚೆಯೇ ತೀರಿಕೊಂಡರಲ್ಲಾ ಎಂದು ಅಳುತ್ತಿದ್ದವರಿಗೆ, ಅವರು ಹಿಂದುಳಿಯುವುದಿಲ್ಲ, ಅವರೇ ಮೊದಲು ಏಳುವರು ಎಂದು ಸಂತೈಸಲಿಕ್ಕೆ.

ಪ್ರಶ್ನೆ: ಹಳೇ ಒಡಂಬಡಿಕೆಯನ್ನು ದಿನವೂ ಓದುವ ಯೆಹೂದ್ಯರು ಮೆಸ್ಸೀಯನ ಎರಡು ಬರೋಣಗಳನ್ನು ಏಕೆ ಒಪ್ಪುವುದಿಲ್ಲ?

ಉತ್ತರ: 'ಮಾಶೀಯಹ್' ಎಂದರೆ ಅಭಿಷಿಕ್ತ, ಎಣ್ಣೆ ಹೊಯ್ಯಿಸಿಕೊಂಡವನು. ಇಸ್ರಾಯೇಲಿನ ಅರಸರಿಗೂ ಯಾಜಕರಿಗೂ ಸಲ್ಲುತ್ತಿದ್ದ ಬಿರುದು ಅದು. ಯೆಶಾಯ 45:1ರಲ್ಲಿ ಪರ್ಷಿಯದ ಅರಸ ಕೋರೆಷನಿಗೂ ಸಂದಿದೆ. ದಾವೀದನ ವಂಶದ ಅರಸನೊಬ್ಬನು ಬಂದು ನ್ಯಾಯವನ್ನೂ ಶಾಂತಿಯನ್ನೂ ಸ್ಥಾಪಿಸುವನೆಂಬ ನಿರೀಕ್ಷೆ ಪ್ರವಾದಿಗಳಲ್ಲಿದೆ. ಅವನು ಒಮ್ಮೆ ಬಂದು, ಹೋಗಿ, ಮತ್ತೆ ಬರುವನೆಂದು ಬಿಡಿಸಿ ಹೇಳುವ ಒಂದು ವಚನ ಅಲ್ಲಿಲ್ಲ. ಬಾಧೆಪಡುವ ಸೇವಕನನ್ನೂ (ಯೆಶಾಯ 53) ಜಯಶಾಲಿ ಅರಸನನ್ನೂ ಒಬ್ಬನೇ ಎಂದು ಕಂಡ ಕ್ರೈಸ್ತರು ಎರಡು ಬರೋಣಗಳನ್ನು ಕಂಡರು. ಯೆಹೂದ್ಯರಲ್ಲಿ ಕೆಲವರು ಎರಡು ಬರೋಣಗಳ ಬದಲು ಇಬ್ಬರು ಅಭಿಷಿಕ್ತರನ್ನು ಕಂಡರು. ಮೃತ ಸಮುದ್ರದ ಬಳಿಯ ಕುಮ್ರಾನಿನ ಗವಿಗಳಲ್ಲಿ ಸಿಕ್ಕ ಪುರಾತನ ಸುರುಳಿಯೊಂದು ಆರೋನನ ಮತ್ತು ಇಸ್ರಾಯೇಲಿನ ಅಭಿಷಿಕ್ತರು ಎಂದು ಬಹುವಚನದಲ್ಲಿ ಹೇಳುತ್ತದೆ. ಯೆಹೂದ್ಯ ಗುರುಗಳ ಚರ್ಚೆ, ಬೋಧನೆಗಳ ಸಂಗ್ರಹವಾದ ತಾಲ್ಮೂದಿನಲ್ಲಿ ದಾವೀದನ ಮಗನಾದ ಮೆಸ್ಸೀಯನ ಜೊತೆಗೆ, ಕೊಲ್ಲಲ್ಪಡುವ ಯೋಸೇಫನ ಮಗನಾದ ಮೆಸ್ಸೀಯನೂ ಇದ್ದಾನೆ.

ಮಧ್ಯಯುಗದ ಮಹಾ ವಿದ್ವಾಂಸ ಮೈಮೊನಿಡೀಸ್ (ನಿಧನ 1204) ಅಳತೆಗೋಲನ್ನು ನಿಚ್ಚಳವಾಗಿ ಇಟ್ಟರು: ದಾವೀದನ ಮನೆತನದ ಅರಸನೊಬ್ಬನು ದೇವಾಲಯವನ್ನು ಅದರ ಸ್ಥಳದಲ್ಲಿ ಕಟ್ಟಿ, ಚದರಿಹೋದ ಇಸ್ರಾಯೇಲ್ಯರನ್ನು ಕೂಡಿಸಿದರೆ ಅವನೇ ಮೆಸ್ಸೀಯ; ಅದರಲ್ಲಿ ಗೆಲ್ಲದಿದ್ದರೆ ಅಥವಾ ಕೊಲ್ಲಲ್ಪಟ್ಟರೆ ಅವನಲ್ಲ. ಈ ಎಚ್ಚರಿಕೆಯ ಹಿಂದೆ ನೋವಿದೆ. ಕ್ರಿ.ಶ. 132ರಿಂದ 135ರವರೆಗೆ ರೋಮಿನ ವಿರುದ್ಧ ದಂಗೆಯೆದ್ದ ಬಾರ್ ಕೋಖ್ಬನನ್ನು ರಬ್ಬಿ ಅಕೀವನಂಥವರೇ ಮೆಸ್ಸೀಯನೆಂದು ನಂಬಿದ್ದರು. ಅದು ಭಯಂಕರ ಸಾವುನೋವಿನಲ್ಲಿ ಮುಗಿಯಿತು. ಹದಿನೇಳನೇ ಶತಮಾನದ ಸಬ್ಬತಾಯ್ ಜ್ವಿಯನ್ನು ನಂಬಿ ಊರೂರುಗಳ ಜನ ಮನೆಮಾರು ತೊರೆಯಲು ಸಿದ್ಧರಾಗಿದ್ದಾಗ, 1666ರಲ್ಲಿ ಆತ ಇಸ್ಲಾಮನ್ನು ಸ್ವೀಕರಿಸಿದನು.

ಆದರೂ ತಾಲ್ಮೂದಿನಲ್ಲಿ ಒಂದು ಕಥೆಯಿದೆ, ನಾನು ಎಷ್ಟು ಸಲ ಓದಿದರೂ ಅಲ್ಲೇ ನಿಂತುಬಿಡುತ್ತೇನೆ. ರಬ್ಬಿ ಯೆಹೋಶುವ ಬೆನ್ ಲೇವಿಗೆ ಪ್ರವಾದಿ ಎಲೀಯನು ಎದುರಾಗುತ್ತಾನೆ. ಮೆಸ್ಸೀಯನು ಯಾವಾಗ ಬರುತ್ತಾನೆ ಎಂದು ರಬ್ಬಿ ಕೇಳುತ್ತಾನೆ. ಹೋಗಿ ಅವನನ್ನೇ ಕೇಳು ಎನ್ನುತ್ತಾನೆ ಎಲೀಯ. ಎಲ್ಲಿದ್ದಾನೆ? ಪಟ್ಟಣದ ಬಾಗಿಲಲ್ಲಿ. ಗುರುತೇನು? ರೋಗಪೀಡಿತರಾದ ಬಡವರ ನಡುವೆ ಕೂತಿದ್ದಾನೆ. ಉಳಿದವರೆಲ್ಲ ತಮ್ಮ ಹುಣ್ಣುಗಳ ಪಟ್ಟಿಗಳನ್ನು ಒಟ್ಟಿಗೆ ಬಿಚ್ಚಿ ಒಟ್ಟಿಗೆ ಕಟ್ಟಿಕೊಳ್ಳುತ್ತಾರೆ, ಅವನು ಮಾತ್ರ ಒಂದನ್ನು ಬಿಚ್ಚಿ ಒಂದನ್ನು ಕಟ್ಟುತ್ತಾನೆ, ಕರೆ ಬಂದರೆ ತಡವಾಗಬಾರದೆಂದು. ರಬ್ಬಿ ಹೋಗಿ ವಂದಿಸಿ, ಒಡೆಯನೇ, ಯಾವಾಗ ಬರುವೆ ಎನ್ನುತ್ತಾನೆ. 'ಈ ಹೊತ್ತು' ಎಂಬ ಉತ್ತರ ಬರುತ್ತದೆ. ಅವನು ಬಾರದಿದ್ದಾಗ ರಬ್ಬಿ ಎಲೀಯನ ಬಳಿ ಹೋಗಿ, ನನಗೆ ಸುಳ್ಳು ಹೇಳಿದ ಎಂದು ದೂರುತ್ತಾನೆ. ಎಲೀಯನು ಕೀರ್ತನೆ 95:7ನ್ನು ನೆನಪಿಸುತ್ತಾನೆ: ಈ ಹೊತ್ತು, ನೀವು ಆತನ ಶಬ್ದಕ್ಕೆ ಕಿವಿಗೊಟ್ಟರೆ. ಆ ಮೆಸ್ಸೀಯನು ಇದ್ದಾನೆ, ಆದರೆ ಬಂದಿಲ್ಲ. ಇರುವಿಕೆ ಮತ್ತು ಬರುವಿಕೆಯ ನಡುವಿನ ಈ ಅಂತರ ಕ್ರೈಸ್ತರ ಗ್ರೀಕ್ ಪದದಲ್ಲಿ ಮಾತ್ರ ಇರುವ ತೊಡಕಲ್ಲ. ಅಂದಹಾಗೆ, ಅಂತ್ಯಕಾಲವನ್ನು ಲೆಕ್ಕ ಹಾಕುವವರನ್ನು ಅತಿ ಕಟುವಾಗಿ ಶಪಿಸುವ ಮಾತು ಇರುವುದೂ ಇದರ ಹಿಂದಿನ ಪುಟದಲ್ಲೇ. ಲೆಕ್ಕದ ಕಾಲ ಬಂದು ಅವನು ಬಾರದಿದ್ದರೆ ಜನ ಇನ್ನು ಬರುವುದೇ ಇಲ್ಲ ಎಂದು ಬಿಡುತ್ತಾರೆ ಎಂಬುದು ಅದಕ್ಕೆ ಕೊಟ್ಟ ಕಾರಣ.

ಪ್ರಶ್ನೆ: ಮುಸ್ಲಿಮರೂ ಯೇಸುವಿನ ಮರಳುವಿಕೆಯನ್ನು ನಂಬುತ್ತಾರೆಯೇ?

ಉತ್ತರ: ಬಹುಪಾಲು ಮುಸ್ಲಿಮರು ನಂಬುತ್ತಾರೆ. ಕುರ್‌ಆನ್ ಈಸಾರನ್ನು ಅಲ್-ಮಸೀಹ್ ಎಂದೇ ಕರೆಯುತ್ತದೆ. ಅಲ್ಲಾಹನು ಅವರನ್ನು ತನ್ನೆಡೆಗೆ ಎತ್ತಿಕೊಂಡನು (4:158) ಎಂಬ ವಚನದ ಜೊತೆಗೆ, ದಮಾಸ್ಕಸ್ಸಿನ ಪೂರ್ವದ ಬಿಳಿ ಮಿನಾರಿನ ಬಳಿ ಇಬ್ಬರು ದೇವಚರರ ರೆಕ್ಕೆಗಳ ಮೇಲೆ ಕೈಯಿಟ್ಟು ಅವರು ಇಳಿದು ಬರುವರೆಂಬ ಹದೀಸ್ ಇದೆ. ಅಹ್ಮದೀಯರು ಮಾತ್ರ ಈಸಾರು ಸಹಜವಾಗಿ ತೀರಿಕೊಂಡರೆಂದೂ, ವಾಗ್ದಾನದ ಮಸೀಹ ತಾನೇ ಎಂದು 1891ರಲ್ಲಿ ಹೇಳಿಕೊಂಡ ಮಿರ್ಜಾ ಗುಲಾಮ್ ಅಹ್ಮದರಲ್ಲಿ ಆ ಮಾತು ನೆರವೇರಿತೆಂದೂ ನಂಬುತ್ತಾರೆ. ಎಲೀಯನು ಬರುವನೆಂದು ಮಲಾಕಿಯನು ಹೇಳಿದ್ದು ಸ್ನಾನಿಕನಾದ ಯೋಹಾನನಲ್ಲಿ ನೆರವೇರಿತೆಂದು ಯೇಸುವೇ ಹೇಳಲಿಲ್ಲವೇ (ಮತ್ತಾಯ 11:14) ಎಂಬುದು ಅವರ ವಾದ. ಉಳಿದ ಮುಸ್ಲಿಮರು ಇದನ್ನು ಒಪ್ಪುವುದಿಲ್ಲ.

ಪ್ರಶ್ನೆ: 'ಮಾರಾನಾಥಾ' ಎಂಬ ಮಾತಿಗೆ ಒಂದು ಕಡೆ 'ನಮ್ಮ ಕರ್ತನು ಬಂದಿದ್ದಾನೆ' ಎಂದೂ ಇನ್ನೊಂದು ಕಡೆ 'ನಮ್ಮ ಕರ್ತನೇ, ಬಾ' ಎಂದೂ ಅರ್ಥ ಓದಿದೆ. ಯಾವುದು ಸರಿ?

ಉತ್ತರ: ಇದು ಯೇಸುವಿನ ಶಿಷ್ಯರು ಆಡುತ್ತಿದ್ದ ಅರಾಮಿಕ್ ಮಾತು. ಪೌಲನು ಗ್ರೀಕ್ ಓದುಗರಿಗೆ ಬರೆಯುವಾಗಲೂ ಅದನ್ನು ಅನುವಾದಿಸದೆ ಹಾಗೆಯೇ ಇಟ್ಟಿದ್ದಾನೆ (1 ಕೊರಿಂಥ 16:22). ಎಂದರೆ ಅದು ಅಷ್ಟರಲ್ಲೇ ಎಲ್ಲರ ನಾಲಿಗೆಯ ಮೇಲಿನ ಪ್ರಾರ್ಥನೆಯಾಗಿತ್ತು. ಹಳೆಯ ಹಸ್ತಪ್ರತಿಗಳಲ್ಲಿ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ. ಅದೇ ಅಕ್ಷರಗಳನ್ನು 'ಮಾರಾನ್ ಅಥಾ' ಎಂದು ಒಡೆದರೆ ಕರ್ತನು ಬಂದಿದ್ದಾನೆ ಎಂದಾಗುತ್ತದೆ, 'ಮಾರಾನಾ ಥಾ' ಎಂದು ಒಡೆದರೆ ಕರ್ತನೇ ಬಾ ಎಂದಾಗುತ್ತದೆ. ಪ್ರಕಟನೆಯ ಕೊನೆಯಲ್ಲಿ (22:20) ಅದೇ ಪ್ರಾರ್ಥನೆ ಗ್ರೀಕಿನಲ್ಲಿ 'ಕರ್ತನಾದ ಯೇಸುವೇ, ಬಾ' ಎಂದು ಬರುವುದರಿಂದ ಹೆಚ್ಚಿನ ವಿದ್ವಾಂಸರು ಎರಡನೆಯದನ್ನು ಒಪ್ಪುತ್ತಾರೆ, ನಾನೂ ಹಾಗೆಯೇ ಓದುತ್ತೇನೆ. 'ದಿದಖೆ' ಎಂಬ ಆದಿಸಭೆಯ ಕೈಪಿಡಿಯಲ್ಲಿ ಈ ಮಾತು ಬರುವುದು ರೊಟ್ಟಿ ಮುರಿದು ಉಂಡ ಮೇಲಿನ ಸ್ತೋತ್ರದ ಕೊನೆಗೆ, ಆಮೆನ್ ಎಂಬುದಕ್ಕಿಂತ ಒಂದೇ ಒಂದು ಪದ ಮುಂಚೆ.